ಬಣ್ಣದ ಅಂಚು ಕೆಟ್ಟಿದೆಯಾ? ಕಿತ್ತ ಟೇಪನ್ನು ಮೊದಲು ನೋಡಿ

ಗಾಡಿಗೆ ಬಣ್ಣ ಹೊಡೆದಾದ ಮೇಲೆ, ಬಣ್ಣ ಬೀಳಬಾರದ ಜಾಗಕ್ಕೆ ಅಂಟಿಸಿದ ಮಾಸ್ಕಿಂಗ್ ಟೇಪ್ ಕೀಳುವಾಗಲೇ ಕೆಲಸ ಚೆನ್ನಾಗಿ ಬಂತೋ ಕೆಟ್ಟಿತೋ ಗೊತ್ತಾಗುವುದು. ಗೆರೆ ಹಲ್ಲುಹಲ್ಲಾಗಿದೆ, ಬಣ್ಣ ಒಳಗೆ ನುಸುಳಿದೆ, ಅಂಟು ಉಳಿದಿದೆ, ಇಲ್ಲಾ ಕೆಳಗಿನ ಬಣ್ಣವೇ ಟೇಪ್ ಜೊತೆ ಎದ್ದು ಬಂದಿದೆ. ಇಂಥ ಹೊತ್ತಲ್ಲಿ ನಮ್ಮ ಕೋಲಾರದ ಯಾವ ಶೆಡ್ಡಿಗೆ ಹೋದರೂ ಕೇಳುವ ಮಾತು ಒಂದೇ: "ಟೇಪ್ ಸರಿ ಇಲ್ಲ ಅಣ್ಣಾ." ಕಿತ್ತ ಟೇಪನ್ನು ಉಂಡೆ ಮಾಡಿ ಮೂಲೆಗೆ ಎಸೆದು, ಮುಂದಿನ ಸಲ ಬೇರೆ ಕಂಪನಿಯದು ತರುತ್ತಾರೆ. ದೋಷ ಮಾತ್ರ ಮತ್ತೆ ಬರುತ್ತದೆ.

ದಯವಿಟ್ಟು ಆ ಉಂಡೆ ಎಸೆಯಬೇಡಿ. ಏನಾಯಿತು ಅನ್ನುವುದರ ಸಾಕ್ಷಿ ಅದರ ಮೇಲೇ ಇದೆ. ದೋಷ ಬಂದ ಜಾಗದ ತುಂಡನ್ನು ಒಂದು ಗೇಣು ಬಿಡಿಸಿ, ಅಂಟಿನ ಮುಖ ಮೇಲೆ ಮಾಡಿ, ಬಿಸಿಲಿಗೆ ಹಿಡಿದು ನೋಡಿ.

ಅಂಚಿನಿಂದ ಒಳಕ್ಕೆ ಬಣ್ಣದ ಸಣ್ಣ ಸಣ್ಣ ನಾಲಿಗೆ ಚಾಚಿದ್ದರೆ ಬಣ್ಣ ಪಕ್ಕದಿಂದ ನುಸುಳಿದೆ, ಅಂದರೆ ಅಂಚು ಸರಿಯಾಗಿ ಕೂತಿರಲಿಲ್ಲ. ಅಂಚು ಚೊಕ್ಕವಾಗಿದ್ದು ನಡುವೆ ಮಚ್ಚೆ ಬಿದ್ದಿದ್ದರೆ ಬಣ್ಣ ಟೇಪಿನ ಬೆನ್ನಿನಿಂದ ಇಳಿದಿದೆ. ಅಂಟಿನ ಮೇಲೆ ಕೆಂಪಗೋ ಬೆಳ್ಳಗೋ ಪುಡಿ ಕಂಡರೆ ಟೇಪ್ ಅಂಟಿದ್ದು ಧೂಳಿಗೆ, ಗಾಡಿಗಲ್ಲ. ಅಂಟೇ ಕಾಣದೆ ಬರೀ ಕಾಗದ ಕೈಗೆ ಬಂದಿದ್ದರೆ ಅಂಟು ಗಾಡಿ ಮೇಲೆ ಉಳಿದಿದೆ. ಹಳೇ ಬಣ್ಣದ ಸಿಪ್ಪೆಯೇ ಅಂಟಿಕೊಂಡು ಬಂದಿದ್ದರೆ ಅದರ ಕಥೆ ಬೇರೆ, ಮುಂದೆ ಹೇಳುತ್ತೇನೆ.

ಯಾವ ಗುರುತು ಕಂಡಿತೋ ಅದಕ್ಕೆ ತಕ್ಕ ಹಾಗೆ ಮುಂದಕ್ಕೆ ಓದಿ.

ಬಣ್ಣ ಪಕ್ಕದಿಂದ ನುಸುಳಿದ್ದರೆ

ಜಾಸ್ತಿ ಬರುವ ದೂರು ಇದೇ. ಕಾರಣಗಳು ನಾಲ್ಕೈದು ಇವೆ. ಒಂದೊಂದನ್ನೇ ಪರೀಕ್ಷೆ ಮಾಡಿ ಕೈಬಿಡುತ್ತಾ ಬಂದರೆ ಉಳಿದದ್ದೇ ನಿಮ್ಮ ದೋಷ.

ಮೊದಲು ಎಲ್ಲೆಲ್ಲಿ ನುಸುಳಿದೆ ನೋಡಿ. ರಬ್ಬರ್ ಬೀಡಿಂಗ್ ಪಕ್ಕ, ಕಪ್ಪು ಪ್ಲಾಸ್ಟಿಕ್ ಬಂಪರ್ ಪಕ್ಕ ಮಾತ್ರ ಆಗಿದ್ದರೆ ಪಾಲಿಶ್ ಮೇಲೆ ಅನುಮಾನ ಪಡಿ. ವಾಟರ್ ಸರ್ವಿಸ್ ಮಾಡುವ ಕಡೆ ರಬ್ಬರು, ಪ್ಲಾಸ್ಟಿಕ್ಕು, ಟೈರು ಹೊಳೆಯಲಿ ಅಂತ ಸಿಲಿಕೋನ್ ಇರುವ ಪಾಲಿಶ್ ಬಳಿದು ಕಳಿಸುತ್ತಾರೆ. ಸಿಲಿಕೋನ್ ಮೇಲೆ ಎಷ್ಟು ಒಳ್ಳೇ ಟೇಪ್ ಹಾಕಿದರೂ ನಿಲ್ಲುವುದಿಲ್ಲ. ಅಲ್ಲಿಂದ ಕೈಗೆ, ಬಟ್ಟೆಗೆ ಅಂಟಿ ಪಕ್ಕದ ಪ್ಯಾನೆಲ್‌ಗೂ ಹೋದರೆ ಬಣ್ಣದಲ್ಲಿ ಫಿಶ್-ಐ ಅನ್ನುವ ಸಣ್ಣ ಗುಂಡಿಗಳೂ ಏಳುತ್ತವೆ.

ಇದನ್ನು ಕಂಡುಹಿಡಿಯಲು ನೀರು ಸಾಕು. ಟೇಪ್ ಕೂರುವ ಜಾಗದ ಮೇಲೆ ನೀರು ಚಿಮುಕಿಸಿ. ಒಂದೇ ಸಮ ಹರಡಿ ನಿಂತರೆ ಜಾಗ ಶುದ್ಧವಾಗಿದೆ. ಉರುಟು ಹನಿಗಳಾಗಿ ಒಡೆದು ಜಾರಿದರೆ ಮೇಲೆ ವ್ಯಾಕ್ಸೋ ಸಿಲಿಕೋನೋ ಇದೆ. ಆಗ ವ್ಯಾಕ್ಸ್ ಅಂಡ್ ಗ್ರೀಸ್ ರಿಮೂವರ್ ತಗೊಂಡು ಎರಡು ಬಟ್ಟೆಯಲ್ಲಿ ಒರೆಸಬೇಕು. ಒಂದರಲ್ಲಿ ಒದ್ದೆ ಮಾಡುವುದು, ಅದು ಆರುವ ಮೊದಲೇ ಇನ್ನೊಂದು ಒಣ ಬಟ್ಟೆಯಲ್ಲಿ ಎತ್ತುವುದು. ಒಂದೇ ಬಟ್ಟೆಯಲ್ಲಿ ಉಜ್ಜಿದರೆ ಎಣ್ಣೆ ಅತ್ತಿಂದಿತ್ತ ಓಡಾಡುತ್ತದೆ ಅಷ್ಟೇ, ಹೋಗುವುದಿಲ್ಲ. ಒರೆಸಿದ ಮೇಲೆ ಮತ್ತೆ ನೀರು ಚಿಮುಕಿಸಿ ನೋಡಿ.

ಅಂಟಿನ ಮೇಲೆ ಬಿಳಿ ಪುಡಿ ಕಂಡವರು ಇಲ್ಲಿ ಸ್ವಲ್ಪ ನಿಲ್ಲಿ. ಕೋಲಾರ, ಚಿಕ್ಕಬಳ್ಳಾಪುರ ಕಡೆಯವರಿಗೆ ಇದು ತುಂಬ ಮುಖ್ಯ. ನಮ್ಮ ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿ ವರ್ಷಗಳಾದವು, ನೀರು ಗಡಸು. ಆ ನೀರಲ್ಲೇ ವಾಟರ್ ಪೇಪರ್ ಹಾಕಿ ಉಜ್ಜುತ್ತೇವೆ, ಅದರಲ್ಲೇ ತೊಳೆದು ಬಿಸಿಲಿಗೆ ಬಿಡುತ್ತೇವೆ. ನೀರು ಆರಿ ಹೋಗುತ್ತದೆ, ಉಪ್ಪು ತೆಳುವಾಗಿ ಕೂರುತ್ತದೆ. ಬಿಳಿ ಗಾಡಿಯಲ್ಲಿ ಕಣ್ಣಿಗೂ ಬೀಳುವುದಿಲ್ಲ. ಟೇಪ್ ಅದರ ಮೇಲೆ ಅಂಟಿದ ಹಾಗೆ ಕಾಣುತ್ತದೆ, ಆದರೆ ಅಂಚಿನ ಕೆಳಗೆ ಕೂದಲೆಳೆಯಷ್ಟು ಸಂದು ಉಳಿದಿರುತ್ತದೆ. ತೆಳು ಬಣ್ಣಕ್ಕೆ ಅಷ್ಟು ಸಾಕು. ಗ್ರೀಸ್ ರಿಮೂವರ್‌ನಿಂದ ಈ ಉಪ್ಪು ಕರಗುವುದಿಲ್ಲ. ಕೊನೆಯ ಸಲ ತೊಳೆಯುವಾಗ ಊರಿನ ಶುದ್ಧ ನೀರಿನ ಘಟಕದಿಂದ ತಂದ 20 ಲೀಟರ್ ಕ್ಯಾನ್ ನೀರು ಬಳಸಿ, ಆರಲು ಬಿಡದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಒಂದು ಡೋರ್‌ಗೆ ಅರ್ಧ ಬಕೆಟ್ ಹಿಡಿಯುತ್ತದೆ, ಖರ್ಚು ಏನೂ ಅಲ್ಲ. ಬಣ್ಣದ ಅಡಿಯಲ್ಲಿ ಉಪ್ಪು ಉಳಿದರೆ ಮಳೆಗಾಲದಲ್ಲಿ ಗುಳ್ಳೆ ಏಳುವ ಅಪಾಯವೂ ಇದೆ, ಹಾಗಾಗಿ ಈ ಅಭ್ಯಾಸದಿಂದ ಎರಡು ಕೆಲಸ ಆಗುತ್ತದೆ.

ಪುಡಿ ಕೆಂಪಗಿದ್ದರೆ ರೋಲ್ ಎಲ್ಲಿಟ್ಟಿದ್ದಿರಿ ಅಂತ ನೆನಪು ಮಾಡಿಕೊಳ್ಳಿ. ನೆಲದ ಮೇಲೆ ಮಲಗಿಸಿ ಇಟ್ಟಿದ್ದಿರಾ? ರೋಲ್‌ನ ಪಕ್ಕದ ಮುಖವನ್ನು ಬೆರಳಿಂದ ಸವರಿ ನೋಡಿ. ಅಂಟು ಸ್ವಲ್ಪ ಹೊರಗೆ ಇಣುಕುವುದು ಅಲ್ಲಿಯೇ, ಕೆಮ್ಮಣ್ಣಿನ ಧೂಳು ಹಿಡಿಯುವುದೂ ಅಲ್ಲಿಯೇ. ಬಣ್ಣವನ್ನು ತಡೆಯಬೇಕಾದ ಅಂಚೇ ಅದು! ಪಟ್ಟಿ (ತಗ್ಗು ತುಂಬಲು ಬಳಿಯುವ ಪುಟ್ಟಿ) ಉಜ್ಜಿದ ಪುಡಿ ಹಾರುವ ಶೆಡ್ಡಿನಲ್ಲಂತೂ ರೋಲನ್ನು ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿ ಡಬ್ಬದಲ್ಲಿಡಬೇಕು. ತಗಡಿನ ಛಾವಣಿಗೆ ತಾಗುವ ಮೇಲಿನ ಹಲಗೆಯೂ ಬೇಡ. ಏಪ್ರಿಲ್ ಬಿಸಿಲಿಗೆ ಅಲ್ಲಿ ಅಂಟು ಕೆಡುತ್ತದೆ.

ಪುಡಿ ಇಲ್ಲ, ಪಾಲಿಶ್ ಇಲ್ಲ, ಆದರೂ ನುಸುಳಿದೆ ಅಂದರೆ ಕೈಯ ಕಡೆ ನೋಡಬೇಕು. ಟೇಪ್ ಹಾಕಿದ ಮೇಲೆ ಬೆರಳು ಎಳೆದುಬಿಟ್ಟರೆ ನಡುಭಾಗ ಕೂರುತ್ತದೆ, ಅಂಚು ಕೂರುವುದಿಲ್ಲ. ಬಣ್ಣ ಬೀಳುವ ಅಂಚನ್ನು ಉಗುರಿನ ಬೆನ್ನಿಂದಲೋ ಹಳೇ ಎಟಿಎಂ ಕಾರ್ಡಿಂದಲೋ ಉದ್ದಕ್ಕೂ ಒಂದು ಸಲ ಒತ್ತಬೇಕು. ಡಿಸೆಂಬರ್, ಜನವರಿ ಬೆಳಗ್ಗೆ ತಗಡು ತಣ್ಣಗೆ ಕೊರೆಯುತ್ತಿರುತ್ತದೆ, ಅಂಟು ಬಿಗಿದುಕೊಂಡಿರುತ್ತದೆ. ಬಿಸಿಲು ಬಂದ ಮೇಲೆ ಹಾಕಿ, ಇಲ್ಲಾ ಹೀಟ್ ಗನ್ ದೂರದಿಂದ ಹಿಡಿದು ತಗಡನ್ನು ಕೈಗೆ ಬೆಚ್ಚಗೆ ತಾಗುವಷ್ಟು ಮಾಡಿ.

ತಿರುವುಗಳಲ್ಲಿ ಮಾತ್ರ ನುಸುಳಿದ್ದರೆ ಟೇಪನ್ನು ಎಳೆದು ಹಾಕಿದ್ದೀರಿ ಅಂತಲೇ ಅರ್ಥ. ಈ ಟೇಪ್ ಸುಕ್ಕುಸುಕ್ಕಾದ ಕ್ರೇಪ್ ಕಾಗದದ್ದು; ಆ ಸುಕ್ಕು ಎಳೆದರೆ ಬಿಚ್ಚುತ್ತದೆ, ಬಿಟ್ಟರೆ ಮತ್ತೆ ಸುಕ್ಕಾಗಲು ನೋಡುತ್ತದೆ. ಹಾಕಿದಾಗ ಚೆನ್ನಾಗಿ ಕೂತಂತೆ ಕಂಡು, ಊಟ ಮುಗಿಸಿ ಬರುವಷ್ಟರಲ್ಲಿ ಅಂಚು ಎದ್ದಿರುತ್ತದೆ. ವೀಲ್ ಆರ್ಚ್, ಲೈಟಿನ ಸುತ್ತ ಇಂಥ ಕಡೆ 18 ಮಿ.ಮೀ. ಅಥವಾ ಅದಕ್ಕಿಂತ ಸಣ್ಣ ಟೇಪ್ ಸಡಿಲವಾಗಿ ತಿರುಗುತ್ತದೆ. 48 ಮಿ.ಮೀ. ಟೇಪನ್ನು ಬಲವಂತವಾಗಿ ಬಗ್ಗಿಸಬೇಡಿ. ಅಗಲದ ಟೇಪ್ ಕಾಗದ ಹಿಡಿಸೋಕೆ, ಗೆರೆ ತೆಗೆಯೋಕಲ್ಲ.

ಇನ್ನು ಬಣ್ಣ ಹೊಡೆಯುವ ಗನ್. ಮೊದಲ ಕೋಟನ್ನೇ ದಪ್ಪಗೆ, ಒದ್ದೆಯಾಗಿ ಹೊಡೆದರೆ ಬಣ್ಣ ಅಂಚಿನಲ್ಲಿ ಕಟ್ಟಿ ನಿಂತು ದಾರಿ ಹುಡುಕುತ್ತದೆ. ಮೊದಲನೆಯದು ತೆಳುವಾಗಿ ಹಾಯಿಸಿ, ಐದ್ಹತ್ತು ನಿಮಿಷ ಬಿಟ್ಟು ಎರಡನೆಯದು ಹೊಡೆಯಿರಿ. ಗನ್ ಟೇಪಿನ ಕಡೆಯಿಂದ ಪ್ಯಾನೆಲ್ ಕಡೆಗೆ ಹೋಗಲಿ, ಅಂಚಿಗೆ ಎದುರಾಗಿ ಊದಬೇಡಿ. ಎರಡು ಬಣ್ಣದ ಗಾಡಿಗೆ ಒಂದು ಒಳ್ಳೇ ಉಪಾಯ ಇದೆ. ಟೇಪ್ ಹಾಕಿದ ಮೇಲೆ ಕೆಳಗೆ ಯಾವ ಬಣ್ಣ ಇದೆಯೋ ಅದನ್ನೇ ಅಂಚಿನ ಮೇಲೆ ತೆಳುವಾಗಿ ಒಮ್ಮೆ ಹಾಯಿಸಿ. ಸಂದು ಇದ್ದರೆ ಅದೇ ಬಣ್ಣ ತುಂಬಿಕೊಳ್ಳುತ್ತದೆ, ಹೊಸ ಬಣ್ಣಕ್ಕೆ ಒಳಗೆ ಜಾಗ ಇರುವುದಿಲ್ಲ.

ಬೆನ್ನಿನಿಂದ ಇಳಿದಿದ್ದರೆ

ಇದು ನಿಜಕ್ಕೂ ಟೇಪಿನ ದೋಷ. ಗಾಡಿಗೆ ಅಂತ ಮಾಡಿದ ಟೇಪಿನ ಕಾಗದಕ್ಕೆ ಥಿನ್ನರ್ ಇಳಿಯದ ಹಾಗೆ ಒಳಗೆಲ್ಲ ಲೇಪ ಕೊಟ್ಟಿರುತ್ತಾರೆ. ಗೋಡೆಗೆ, ಸ್ಟೇಷನರಿಗೆ ಅಂತ ಮಾಡಿದ್ದರಲ್ಲಿ ಅಷ್ಟು ಇರುವುದಿಲ್ಲ. ಡಿಸ್ಟೆಂಪರ್‌ಗೆ ಅದು ಸಾಕು, ಪಿ.ಯು. (ಪಾಲಿಯುರೆಥೇನ್) ಬಣ್ಣದ ಥಿನ್ನರ್‌ಗೆ ಸಾಲದು.

ಕೊಳ್ಳುವ ಮೊದಲು ಒಂದು ರೋಲ್ ತಂದು ಹೀಗೆ ಪರೀಕ್ಷೆ ಮಾಡಿ. ಶೆಡ್ಡಿನಲ್ಲಿ ಬಿಚ್ಚಿಟ್ಟ ಯಾವುದಾದರೂ ಡೋರ್ ಗ್ಲಾಸ್ ಇದ್ದೇ ಇರುತ್ತದೆ. ಗಾಜನ್ನು ಚೆನ್ನಾಗಿ ಒರೆಸಿ, ಒಂದು ತುಂಡು ಟೇಪ್ ಅಂಟಿಸಿ, ಉಗುರಿಂದ ಒತ್ತಿ. ಈಗ ಗಾಜಿನ ಆ ಕಡೆಯಿಂದ ನೋಡಿ. ಅಂಟು ಕೂತ ಕಡೆ ಬಣ್ಣ ಗಾಢವಾಗಿ ಕಾಣುತ್ತದೆ, ಗಾಳಿ ಉಳಿದ ಕಡೆ ಮಾಸಲಾಗಿ ಚುಕ್ಕೆ ಚುಕ್ಕೆಯಾಗಿರುತ್ತದೆ. ಅಂಚಿನ ಉದ್ದಕ್ಕೂ ಸುಕ್ಕಿನ ಸಾಲಿಗೆ ಒಂದೊಂದು ಮಾಸಲು ಗೆರೆ ಹೊರಗಿನವರೆಗೆ ಬಂದಿದ್ದರೆ, ಬಣ್ಣ ನುಸುಳುವ ಬಾಗಿಲುಗಳು ಅವೇ. ಆಮೇಲೆ ಟೇಪಿನ ಬೆನ್ನ ಮೇಲೆ ನೀವು ದಿನಾ ಬಳಸುವ ಥಿನ್ನರ್ ಎರಡು ಹನಿ ಬಿಟ್ಟು, ಮತ್ತೆ ಗಾಜಿನ ಹಿಂದಿನಿಂದ ನೋಡುತ್ತಾ ಇರಿ. ಒಂದು ನಿಮಿಷದೊಳಗೆ ಒದ್ದೆಯ ಕಪ್ಪು ಮಚ್ಚೆ ಹಿಂದೆ ಕಂಡರೆ ಆ ಟೇಪ್ ಗಾಡಿ ಕೆಲಸಕ್ಕೆ ಬೇಡ. ಇದಕ್ಕಿಂತ ಖಚಿತವಾದ ಪರೀಕ್ಷೆ ನನಗೆ ಗೊತ್ತಿಲ್ಲ, ಅಂಗಡಿಯವರ ಮಾತೂ ಬೇಡ, ಡಬ್ಬದ ಮೇಲಿನ ಚಿತ್ರವೂ ಬೇಡ.

ಹಳದಿ ಇದ್ದರೆ ಗಾಡಿಯದು, ಬಿಳಿ ಇದ್ದರೆ ಗೋಡೆಯದು ಅನ್ನುವ ನಂಬಿಕೆ ನಮ್ಮ ಕಡೆ ಬಲವಾಗಿದೆ. ಬಣ್ಣಕ್ಕೂ ಗುಣಕ್ಕೂ ಯಾವ ನಿಯಮವೂ ಇಲ್ಲ. ರೋಲ್ ಮೇಲೋ ಡಬ್ಬದ ಮೇಲೋ ಎಷ್ಟು ಡಿಗ್ರಿ ಶಾಖ ತಡೆಯುತ್ತದೆ ಅಂತ ಬರೆದಿದೆಯಾ ನೋಡಿ.

ಬಣ್ಣ ಇಳಿದದ್ದು ಟೇಪಿನಿಂದಲ್ಲ, ಗಾಡಿ ಮುಚ್ಚಿದ ಕಾಗದದಿಂದ ಅಂತ ಕಂಡರೆ ದಿನಪತ್ರಿಕೆ ಬಿಡಬೇಕು. ಒಂದೇ ಪದರ ಪತ್ರಿಕೆಯಲ್ಲಿ ಥಿನ್ನರ್ ಸಲೀಸಾಗಿ ಇಳಿಯುತ್ತದೆ, ಅಕ್ಷರದ ಮಸಿಯೂ ಕೆಳಗಿನ ಬಣ್ಣಕ್ಕೆ ಹಿಡಿಯಬಹುದು, ನಾರಿನ ಧೂಳು ಕ್ಲಿಯರ್ (ಹೊಳಪಿಗೆ ಕೊನೆಯಲ್ಲಿ ಹೊಡೆಯುವ ಬಣ್ಣವಿಲ್ಲದ ಕೋಟು) ಮೇಲೆ ಕೂರುತ್ತದೆ. ಮಾಸ್ಕಿಂಗ್ ಪೇಪರ್ ದುಬಾರಿ ಅನ್ನಿಸಿದರೆ ಗಾಡಿಯ ದೂರದ ಭಾಗಕ್ಕೆ ಪ್ಲಾಸ್ಟಿಕ್ ಹಾಳೆ, ಅಂಚಿನ ಪಕ್ಕದ ಒಂದು ಅಡಿಗೆ ಮಾತ್ರ ಒಳ್ಳೇ ಪೇಪರ್ ಹಾಕಿ.

ಗೆರೆ ಹಲ್ಲುಹಲ್ಲಾಗಿ ಬಂದಿದ್ದರೆ

ನುಸುಳಿಲ್ಲ, ಆದರೆ ಗೆರೆ ನೋಡಿದರೆ ಸಣ್ಣ ಗರಗಸ. ಕ್ರೇಪ್ ಕಾಗದದ ಸುಕ್ಕೇ ಅಲ್ಲಿ ಅಚ್ಚಾಗಿರುತ್ತದೆ. ರಬ್ಬರ್ ಬೀಡಿಂಗ್ ಕೆಳಗೆ ಮುಚ್ಚಿಹೋಗುವ ಅಂಚಾದರೆ ಪರವಾಗಿಲ್ಲ. ಎರಡು ಬಣ್ಣ ಸೇರುವ ಗೆರೆ, ಟೆಂಪೋ ಬಾಡಿ ಮೇಲಿನ ಪಟ್ಟೆ, ಕಣ್ಣಿಗೆ ಬೀಳುವ ಯಾವುದೇ ಗೆರೆಗೆ ಫೈನ್‌ಲೈನ್ ಟೇಪ್ ಬೇಕು. ಅದು ಕಾಗದವಲ್ಲ, ತೆಳು ಪ್ಲಾಸ್ಟಿಕ್. 3 ಮಿ.ಮೀ., 6 ಮಿ.ಮೀ. ಅಗಲದಲ್ಲೂ ಸಿಗುತ್ತದೆ, ಅಂಚು ಬ್ಲೇಡಿನಲ್ಲಿ ಕೊಯ್ದಂತೆ ಇರುತ್ತದೆ, ತಿರುವಿಗೂ ಒಗ್ಗುತ್ತದೆ. ಬೆಲೆ ಜಾಸ್ತಿ ಅಂತ ಹೆದರಬೇಡಿ. ಗೆರೆಗೆ ಮಾತ್ರ ಫೈನ್‌ಲೈನ್ ಹಾಕಿ, ಅದರ ಬೆನ್ನ ಮೇಲೆ ಒಂದೆರಡು ಮಿ.ಮೀ. ಹಿಂದೆ ಸರಿಸಿ ಕ್ರೇಪ್ ಟೇಪ್, ಅದಕ್ಕೆ ಪೇಪರ್ ಹಿಡಿಸಿದರೆ ಒಂದು ರೋಲ್ ಬಹಳ ಗಾಡಿಗೆ ಬರುತ್ತದೆ.

ಪಾರ್ಸಲ್ ಕಟ್ಟುವ ಕಂದು ಟೇಪ್ ಕೂಡ ಪ್ಲಾಸ್ಟಿಕ್ಕೇ ಅಲ್ವಾ ಅಂತ ಕೆಲವರು ಅದನ್ನೇ ಹಾಕುತ್ತಾರೆ. ಬೇಡ. ಅದರ ನುಣುಪು ಬೆನ್ನ ಮೇಲೆ ಬಣ್ಣ ಹಿಡಿಯುವುದಿಲ್ಲ, ಒಣಗಿದ ಮೇಲೆ ಚಕ್ಕೆ ಎದ್ದು ಒದ್ದೆ ಕ್ಲಿಯರ್ ಮೇಲೆ ಬೀಳುತ್ತದೆ. ತಿರುವಿಗೂ ಬಾಗುವುದಿಲ್ಲ.

ಹಳೇ ಬಣ್ಣವೇ ಎದ್ದು ಬಂದಿದ್ದರೆ

ಮಾಸ್ಕಿಂಗ್ ಟೇಪ್ ಹುಟ್ಟಿದ್ದೇ ಈ ದೋಷದಿಂದ. 1920ರ ದಶಕದಲ್ಲಿ ಅಮೆರಿಕದಲ್ಲಿ ಎರಡು ಬಣ್ಣದ ಕಾರುಗಳಿಗೆ ಬೇಡಿಕೆ ಇತ್ತು. ಪೇಂಟರ್‌ಗಳು ಕಾಗದವನ್ನು ಗೋಂದಿನಲ್ಲೋ ಬಲವಾದ ಅಂಟಿನ ಪಟ್ಟಿಯಲ್ಲೋ ಹಿಡಿಸುತ್ತಿದ್ದರು, ಕೀಳುವಾಗ ಹೊಸ ಬಣ್ಣ ಕಿತ್ತು ಬರುತ್ತಿತ್ತು. ಮರಳು ಕಾಗದದ ಮಾದರಿ ಕೊಡಲು ಅಂಥ ಶೆಡ್ಡಿಗೆ ಹೋಗುತ್ತಿದ್ದ ತ್ರೀಎಂ ಕಂಪನಿಯ ರಿಚರ್ಡ್ ಡ್ರೂ ಇದನ್ನು ಕಣ್ಣಾರೆ ನೋಡಿ, ಗಟ್ಟಿಯಾಗಿ ಹಿಡಿದರೂ ಸುಲಭವಾಗಿ ಬಿಡುವ ಟೇಪ್ ಮಾಡಲು ಕೂತರು. 1925ರಲ್ಲಿ ಕ್ರೇಪ್ ಕಾಗದದ ಮಾಸ್ಕಿಂಗ್ ಟೇಪ್ ಬಂತು. ಹಾಗಾಗಿ ಜಾಸ್ತಿ ಅಂಟು ಇದ್ದಷ್ಟೂ ಒಳ್ಳೇದು ಅನ್ನುವ ಲೆಕ್ಕ ಈ ಟೇಪಿಗೆ ಹೊಂದುವುದಿಲ್ಲ.

ಈಗ ನಿಮ್ಮ ಕೈಯಲ್ಲಿರುವ ಸಿಪ್ಪೆಯ ಹಿಂಬದಿ ನೋಡಿ. ಅದು ನುಣ್ಣಗೆ ಹೊಳೆಯುತ್ತಿದ್ದರೆ, ಕೆಳಗಿನ ಪದರವನ್ನು ಸರಿಯಾಗಿ ಉಜ್ಜದೆ ಮೇಲೆ ಬಣ್ಣ ಹೊಡೆದಿದ್ದಾರೆ. ಟೇಪ್ ಅದನ್ನು ತೋರಿಸಿಕೊಟ್ಟಿತು ಅಷ್ಟೇ. ಆ ಪ್ಯಾನೆಲ್‌ನಲ್ಲಿ ಬರೀ ಅಂಚು ತಿದ್ದಿ ಪ್ರಯೋಜನವಿಲ್ಲ, ಸಡಿಲ ಇರುವವರೆಗೆ ಕೆರೆದು ಮತ್ತೆ ಪ್ರೈಮರ್‌ನಿಂದ ಬರಬೇಕು. ಪ್ಯಾನೆಲ್ ಮೇಲೆ ಪಟ್ಟಿಯ ಪುಡಿ ಕಂಡರೆ ಪಟ್ಟಿ ಕೆಲಸದಲ್ಲೇ ದೋಷ ಇದೆ.

ಸಿಪ್ಪೆ ಮೆತ್ತಗೆ, ರಬ್ಬರಿನ ಹಾಗೆ ಎಳೆದರೆ ಹಿಗ್ಗುತ್ತದೆಯಾ? ಕೆಳಗಿನ ಬಣ್ಣ ಒಣಗಿರಲಿಲ್ಲ. ಟೊಮೆಟೊ ಸೀಸನ್ನಿನಲ್ಲಿ ಪಿಕಪ್, ಟ್ರ್ಯಾಕ್ಟರ್‌ನವರು ಇವತ್ತೇ ಬೇಕು ಅಂತ ಕೂರುತ್ತಾರೆ, ಅರ್ಥವಾಗುತ್ತದೆ, ಒಂದು ದಿನ ಗಾಡಿ ನಿಂತರೆ ಅವರಿಗೆ ಬಾಡಿಗೆ ಹೋಯಿತು. ಆದರೆ ಸಿಂಥೆಟಿಕ್ ಎನಾಮೆಲ್ ಗಾಳಿಯಿಂದ ನಿಧಾನಕ್ಕೆ ಗಟ್ಟಿಯಾಗುವ ಬಣ್ಣ. ಕೈಗೆ ಅಂಟದಿದ್ದ ಮಾತ್ರಕ್ಕೆ ಒಳಗೆ ಒಣಗಿಲ್ಲ. ಅದರ ಮೇಲೆ ಮಾರನೇ ದಿನವೇ ಪಟ್ಟೆಗೆ ಟೇಪ್ ಹಾಕಿ ರಾತ್ರಿಯಿಡೀ ಬಿಟ್ಟರೆ ಏಳುತ್ತದೆ, ಇಲ್ಲಾ ಟೇಪಿನ ಅಚ್ಚು ಉಳಿಯುತ್ತದೆ. ಪಟ್ಟೆ ಬೇಕಾದ ಗಾಡಿಗೆ ಹಾರ್ಡ್‌ನರ್ ಹಾಕುವ ಪಿ.ಯು. ಬಣ್ಣ ಮಾಡಿ, ಒಂದು ರಾತ್ರಿ ಪೂರ್ತಿ ಬಿಟ್ಟು, ಕಡಿಮೆ ಅಂಟಿನ ಫೈನ್‌ಲೈನ್ ಹಾಕಿ, ಪಟ್ಟೆ ಹೊಡೆದು ಹಸಿ ಸ್ವಲ್ಪ ಆರಿದ ಕೂಡಲೇ ತೆಗೆಯಿರಿ. ಅಚ್ಚು ಸ್ವಲ್ಪವೇ ಇದ್ದರೆ ಬಿಸಿಲಿನಲ್ಲಿ ಎರಡು ದಿನ ನಿಲ್ಲಿಸಿ ನೋಡಿ, ಆಮೇಲೆ ಬಫಿಂಗ್ (ಉಜ್ಜಿ ಹೊಳಪು ತರುವುದು) ಮಾತು.

ಕೀಳುವ ರೀತಿಯಿಂದಲೂ ಬಣ್ಣ ಏಳುತ್ತದೆ. ಟೇಪನ್ನು ಅದರ ಬೆನ್ನ ಮೇಲೇ ಮಡಚಿ, ಹೊಸ ಬಣ್ಣದಿಂದ ಆಚೆ ಕಡೆಗೆ ಓರೆಯಾಗಿ, ನಿಧಾನವಾಗಿ ಎಳೆಯಬೇಕು. ನೆಟ್ಟಗೆ ಮೇಲಕ್ಕೆ ಜಗ್ಗಬಾರದು. ಸಮಯವೂ ಮುಖ್ಯ. ಕ್ಲಿಯರ್ ನೂಲೆಳೆಯುವಷ್ಟು ಹಸಿ ಇರಬಾರದು, ಗಾಜಿನಷ್ಟು ಗಟ್ಟಿಯೂ ಆಗಿರಬಾರದು. ಪೂರ್ತಿ ಗಟ್ಟಿಯಾಗಿಬಿಟ್ಟಿದ್ದರೆ ಟೇಪಿನ ಅಂಚಿನ ಗುಂಟ ಹೊಸ ಬ್ಲೇಡನ್ನು ಹಗುರವಾಗಿ ಹಾಯಿಸಿ, ಬಣ್ಣದ ಪದರ ಮಾತ್ರ ಕೊಯ್ದು ಆಮೇಲೆ ಎಳೆಯಿರಿ. ಬೂತ್‌ನಲ್ಲಿ (ಬಣ್ಣ ಹೊಡೆದು ಒಣಗಿಸುವ ಮುಚ್ಚಿದ ಕೋಣೆಯಲ್ಲಿ) ಬಿಸಿ ಕೊಟ್ಟಿದ್ದರೆ ಪ್ಯಾನೆಲ್ ಬೆಚ್ಚಗಿರುವಾಗಲೇ ಕಿತ್ತುಬಿಡಿ.

ದಪ್ಪ ಕಟ್ಟೆ ಉಳಿಯುವುದು, ಟೇಪ್ ಹರಿಯುವುದು

ಡೋರ್ ಸಂದಿನಲ್ಲಿ, ಪ್ಯಾಚ್ ಕೆಲಸದಲ್ಲಿ ಬೆರಳಿಗೆ ತಾಗುವ ಕಟ್ಟೆ ಉಳಿದರೆ ಟೇಪ್ ಜಾತಿ ಬದಲಿಸಬೇಕು. ಡೋರ್ ಸಂದಿಗೆ ಉರುಟು ಫೋಮ್ ಟೇಪ್ ಇದೆ, ಬಣ್ಣ ಅದರ ಮೇಲೆ ಕ್ರಮೇಣ ತೆಳುವಾಗಿ ಮುಗಿಯುತ್ತದೆ. ಪ್ರೈಮರ್ ಪ್ಯಾಚ್‌ಗಾದರೆ ಪೇಪರನ್ನು ಪ್ಯಾಚ್ ಮೇಲೆ ಹಾಸಿ ಟೇಪ್ ಹಾಕಿ, ಆಮೇಲೆ ಹಿಂದಕ್ಕೆ ಮಗುಚಿ. ಮಡಿಕೆ ಉಬ್ಬಿರುವುದರಿಂದ ಕಟ್ಟೆ ಬೀಳುವುದಿಲ್ಲ.

ಕೀಳುವಾಗ ತುಂಡುತುಂಡಾಗಿ ಹರಿದರೆ ರೋಲ್ ಹಳೆಯದು, ಇಲ್ಲಾ ಬಿಸಿಲಿನಲ್ಲಿ ಬಹಳ ಹೊತ್ತು ಇತ್ತು.

ಅಂಟು ಗಾಡಿ ಮೇಲೆ ಉಳಿದಿದ್ದರೆ

ಇದಕ್ಕೆ ಎರಡೇ ಕಾರಣ, ಶಾಖ ಮತ್ತು ದಿನಗಳು. ಸಾಮಾನ್ಯ ಟೇಪ್ 60 ಡಿಗ್ರಿ ಸೆಲ್ಸಿಯಸ್‌ವರೆಗೆ, ಗಾಡಿ ಕೆಲಸದ್ದು 80ರವರೆಗೆ ಅರ್ಧ ಗಂಟೆಯಿಂದ ಒಂದು ಗಂಟೆ, ಅದಕ್ಕಿಂತ ಮೇಲಿನವು 100 ದಾಟಿಯೂ ತಡೆಯುತ್ತವೆ. ಬೂತ್‌ನಲ್ಲಿ ಪ್ಯಾನೆಲ್ ಸಾಮಾನ್ಯವಾಗಿ 60ರ ಆಸುಪಾಸು ಕಾಯುತ್ತದೆ, ಆದ್ದರಿಂದ ಬೂತ್ ಇರುವವರು 80 ಡಿಗ್ರಿಯ ಟೇಪ್ ಕೇಳಿ ತರುತ್ತಾರೆ. ಬೂತ್ ಇಲ್ಲದವರು ನಮಗೇಕೆ ಅಂದುಕೊಳ್ಳುತ್ತಾರೆ. ಏಪ್ರಿಲ್ ಮಧ್ಯಾಹ್ನ ಬಯಲಿನಲ್ಲಿ ನಿಂತ ಕಪ್ಪು ಬಾನೆಟ್ ಮೇಲೆ ಅಂಗೈ ಇಟ್ಟು ನೋಡಿ, ಇಡೋಕೇ ಆಗುವುದಿಲ್ಲ. ಅಲ್ಲಿಯೂ 60 ದಾಟಿರುತ್ತದೆ, ಅದೂ ಅರ್ಧ ಗಂಟೆಯಲ್ಲ, ನಾಲ್ಕು ಗಂಟೆ. ಬಯಲಲ್ಲಿ ಕೆಲಸ ಮಾಡುವವರಿಗೇ 80 ಡಿಗ್ರಿ ಟೇಪ್ ಹೆಚ್ಚು ಬೇಕು. ಜೊತೆಗೆ, ಬಿಡಿಭಾಗ ಬಂದಿಲ್ಲ ಅಂತ ಟೇಪ್ ಹಾಕಿದ ಗಾಡಿಯನ್ನು ವಾರಗಟ್ಟಲೆ ಬಿಸಿಲಿಗೆ ಬಿಡಬೇಡಿ. ಕಿತ್ತು, ಆಮೇಲೆ ಹೊಸದಾಗಿ ಹಾಕಿ.

ಉಳಿದ ಅಂಟನ್ನು ಥಿನ್ನರ್ ಬಟ್ಟೆಯಲ್ಲಿ ಉಜ್ಜುವುದು ನಮ್ಮಲ್ಲಿ ನಡೆಯುವ ದೊಡ್ಡ ಅನ್ಯಾಯ. ಅಂಟಿನ ಜೊತೆ ಹೊಸ ಬಣ್ಣವೂ ಹೋಗುತ್ತದೆ, ಪ್ಲಾಸ್ಟಿಕ್ ಬಂಪರ್ ಬಿಳಿಚಿಕೊಳ್ಳುತ್ತದೆ. ಮೊದಲು ಹೊಸ ಟೇಪಿನ ತುಂಡನ್ನೇ ಆ ಅಂಟಿನ ಮೇಲೆ ಒತ್ತಿ ಪಟಪಟ ಎತ್ತಿ, ಅರ್ಧಕ್ಕರ್ಧ ಅದರ ಜೊತೆ ಬಂದುಬಿಡುತ್ತದೆ. ಉಳಿದದ್ದಕ್ಕೆ ಹೀಟ್ ಗನ್‌ನಿಂದ ಸ್ವಲ್ಪ ಬೆಚ್ಚಗೆ ಮಾಡಿ, ಹೆಬ್ಬೆರಳಿಂದ ಉರುಳಿಸಿ ತೆಗೆಯಿರಿ. ಹೀಟ್ ಗನ್ ಆರಿಸಿ ದೂರ ಇಟ್ಟ ಮೇಲೆಯೇ ಗ್ರೀಸ್ ರಿಮೂವರ್ ಡಬ್ಬ ಬಿಚ್ಚಿ, ಎರಡೂ ಒಟ್ಟಿಗೆ ಬೆಂಕಿಗೆ ದಾರಿ. ಗಟ್ಟಿಯಾದ ಪಿ.ಯು. ಮೇಲೆ ಗ್ರೀಸ್ ರಿಮೂವರ್ ಒದ್ದೆ ಬಟ್ಟೆ ಒಂದು ನಿಮಿಷ ಇಟ್ಟು ಒರೆಸಿದರೆ ಚೊಕ್ಕವಾಗುತ್ತದೆ. ಎನಾಮೆಲ್ ಹೊಸದಿದ್ದರೆ ಟರ್ಪೆಂಟೈನ್ ಬೇಡ, ಅದೇ ಅದರ ಥಿನ್ನರ್. ಬಣ್ಣ ಗಟ್ಟಿಯಾಗಲು ಕೆಲವು ದಿನ ಕಾದು, ಬೆಚ್ಚನೆ ಸೋಪು ನೀರಿನಲ್ಲಿ ನೆನೆಸಿ ತೆಗೆಯಿರಿ. ಮಾಸಲು ಉಳಿದರೆ ಬಫಿಂಗ್‌ನಲ್ಲಿ ಹೋಗುತ್ತದೆ. ಹೊಳಪು ಬರಲಿ ಅಂತ ವ್ಯಾಕ್ಸ್ ಪಾಲಿಶ್ ಮಾತ್ರ ಕನಿಷ್ಠ ಒಂದು ತಿಂಗಳು ಹಚ್ಚಬೇಡಿ, ಗಾಡಿಯವರಿಗೂ ಅದನ್ನೇ ಹೇಳಿ ಕಳಿಸಿ.